ಸೈಟು ನಿಧಾನವಾ? ದೊಡ್ಡ ಪ್ಲ್ಯಾನ್ ತಗೊಳ್ಳುವ ಮೊದಲು ಕೋಡ್ ಕ್ಯಾಶ್ ನೋಡಿ

ಧಾರವಾಡದ ಪೇಡೆ ಅಂಗಡಿ, ಬ್ಯಾಡಗಿಯ ಮೆಣಸಿನಕಾಯಿ ದಲಾಲಿ, ಗದಗಿನ ಪ್ರಿಂಟಿಂಗ್ ಪ್ರೆಸ್, ಸಪ್ತಾಪುರದ ಕೋಚಿಂಗ್ ಕ್ಲಾಸು. ನಮ್ಮ ಕಡೆಯ ಸಣ್ಣ ಸೈಟುಗಳು ಅಂದ್ರೆ ಹೆಚ್ಚಾಗಿ ಇಂಥವೇ. ಬಹಳಷ್ಟು ವರ್ಡ್‌ಪ್ರೆಸ್‌ನಲ್ಲಿ ಮಾಡಿದ್ದು, ಇರುವುದು ಒಂದೇ ಸರ್ವರನ್ನು ಹಲವರು ಹಂಚಿಕೊಳ್ಳುವ ಅಗ್ಗದ ಶೇರ್ಡ್ ಹೋಸ್ಟಿಂಗ್‌ನಲ್ಲಿ. ಸೈಟು ನಿಧಾನ ಅಂತ ಹೋಸ್ಟಿಂಗ್‌ನವರ ಚಾಟ್‌ನಲ್ಲಿ ಕೇಳಿದರೆ "ದೊಡ್ಡ ಪ್ಲ್ಯಾನ್ ತಗೊಳ್ಳಿ" ಎಂಬ ಉತ್ತರ ರೆಡಿ ಇರುತ್ತದೆ. ಆ ದುಡ್ಡು ಕಟ್ಟುವ ಮೊದಲು ಪಿಎಚ್‌ಪಿಯ (ವರ್ಡ್‌ಪ್ರೆಸ್ ಬರೆದಿರುವ ಭಾಷೆ) ಕೋಡ್ ಕ್ಯಾಶ್ ಓಡುತ್ತಿದೆಯಾ ಎಂದು ನೋಡಿಕೊಳ್ಳಿ. ಇಲ್ಲಿ ಕ್ಯಾಶ್ ಅಂದ್ರೆ ರೊಕ್ಕವಲ್ಲ, ಒಮ್ಮೆ ಮಾಡಿದ್ದನ್ನು ಮತ್ತೆ ಬಳಸಲು ಎತ್ತಿಡುವ ಜಾಗ. ಖರ್ಚಿಲ್ಲ, ಅರ್ಧ ತಾಸಿನ ಕೆಲಸ.

ಪಿಎಚ್‌ಪಿ ಫೈಲನ್ನು ಸರ್ವರ್ ಇದ್ದ ಹಾಗೇ ಓಡಿಸುವುದಿಲ್ಲ. ಮೊದಲು ಓದುತ್ತದೆ, ತನಗೆ ತಿಳಿಯುವ ರೂಪಕ್ಕೆ ಬದಲಿಸಿಕೊಳ್ಳುತ್ತದೆ, ಆಮೇಲೆ ಓಡಿಸುತ್ತದೆ. ವರ್ಡ್‌ಪ್ರೆಸ್‌ನ ಒಂದು ಪೇಜಿಗೆ ಇಂಥ ನೂರಾರು ಫೈಲು ಬೇಕು. ಕ್ಯಾಶ್ ಇಲ್ಲದಿದ್ದರೆ ಯಾರು ಪೇಜು ತೆರೆದರೂ ಈ ಕೆಲಸ ಮೊದಲಿನಿಂದ ಶುರು. ಮಿರ್ಚಿ ಅಂಗಡಿಯವನು ಒಬ್ಬೊಬ್ಬ ಗಿರಾಕಿ ಬಂದಾಗಲೂ ಹೊಸದಾಗಿ ಹಿಟ್ಟು ಕಲಸಿದ ಹಾಗೆ. ಕೋಡ್ ಕ್ಯಾಶ್ ಇದ್ದರೆ ಒಮ್ಮೆ ಬದಲಿಸಿದ ಕೋಡು ಮೆಮೊರಿಯಲ್ಲೇ ಉಳಿದಿರುತ್ತದೆ.

ಮೊದಲೆಲ್ಲ ಎಪಿಸಿ, ಎಕ್ಸ್‌ಕ್ಯಾಶ್, ಈ-ಆಕ್ಸಿಲರೇಟರ್ ಅಂತ ಬೇರೆ ಬೇರೆ ಕೋಡ್ ಕ್ಯಾಶ್ ಇದ್ದವು. ಅವನ್ನು ಹಾಕಿಕೊಡುವ ಅಗ್ಗದ ಹೋಸ್ಟಿಂಗ್ ಹುಡುಕುವುದೇ ಒಂದು ಪರದಾಟವಾಗಿತ್ತು. 2013ರಲ್ಲಿ ಬಂದ ಪಿಎಚ್‌ಪಿ 5.5ರಿಂದ ಓಪಿಕ್ಯಾಶ್ ಎಂಬ ಕೋಡ್ ಕ್ಯಾಶ್ ಅದರ ಜೊತೆಗೇ ಬರುತ್ತದೆ. ಈಗ ಹುಡುಕಾಡುವ ಕಷ್ಟವಿಲ್ಲ. ಆದರೆ ಜೊತೆಗೆ ಬಂದದ್ದು ನಿಮ್ಮ ಅಕೌಂಟಿನಲ್ಲಿ ಕೆಲಸಕ್ಕೆ ಬರುತ್ತಿದೆಯಾ ಅನ್ನುವುದು ಬೇರೆ ಮಾತು.

## ಕೈ ಹಾಕುವ ಮುಂಚೆ

ಫೈಲು, ಡೇಟಾಬೇಸ್ ಎರಡರದ್ದೂ ಬ್ಯಾಕಪ್ ತೆಗೆದು ನಿಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಬ್ಯಾಕಪ್ ಅದೇ ಸರ್ವರಿನಲ್ಲಿದ್ದರೆ ಸರ್ವರ್ ಕೈಕೊಟ್ಟ ದಿನ ಅದೂ ಇರುವುದಿಲ್ಲ. ಗಿರಾಕಿಗಳು ಜಾಸ್ತಿ ಬರುವ ಹೊತ್ತಿನಲ್ಲಿ ಪಿಎಚ್‌ಪಿ ಆವೃತ್ತಿ ಬದಲಿಸಬೇಡಿ, ರಾತ್ರಿ ಮಾಡಿ. ಹೋಸ್ಟಿಂಗ್ ನೋಡಿಕೊಳ್ಳುವ ಪ್ಯಾನೆಲ್ಲಿನ (ಸಿ-ಪ್ಯಾನೆಲ್‌ನಂಥದ್ದು) ಪಾಸ್‌ವರ್ಡ್ ಅನ್ನು ಚಾಟ್‌ನಲ್ಲಿ ಕೇಳಿದರೂ ಕೊಡಬೇಡಿ. ನಿಮ್ಮ ಹೋಸ್ಟಿಂಗ್ ಕಂಪನಿಗೆ ಅದು ಬೇಕಾಗಿಯೇ ಇಲ್ಲ.

## "ಪೇಜ್ ಓಪನ್ ಆಗಾಕ ಭಾಳ ಹೊತ್ತು ತಗೋತೈತ್ರಿ"

ಎಲ್ಲರೂ ಹೇಳುವ ಮಾತು ಇದೇ. ಆದರೆ ಹೊತ್ತು ಎಲ್ಲಿ ಹೋಗುತ್ತಿದೆ ಎಂದು ಮೊದಲು ತಿಳಿಯಬೇಕು. ಕಂಪ್ಯೂಟರಿನಲ್ಲಿ ಕ್ರೋಮ್ ತೆರೆದು ಎಫ್12 ಒತ್ತಿ. ನೆಟ್‌ವರ್ಕ್ ಟ್ಯಾಬಿಗೆ ಹೋಗಿ ಪೇಜನ್ನು ರಿಫ್ರೆಶ್ ಮಾಡಿ. ಮೊದಲನೇ ಸಾಲಿನ ಮೇಲೆ ಕ್ಲಿಕ್ ಮಾಡಿ, ಟೈಮಿಂಗ್‌ನಲ್ಲಿ ಸರ್ವರಿನ ಉತ್ತರಕ್ಕೆ ಕಾದ ಹೊತ್ತು ಎಷ್ಟು ಅಂತ ನೋಡಿ. ಗೂಗಲ್‌ನ ಲೆಕ್ಕದಲ್ಲಿ ಮೊದಲ ಬೈಟು ಬರಲು 0.8 ಸೆಕೆಂಡಿನ ಒಳಗಾದರೆ ಒಳ್ಳೆಯದು. ಈ ಹೊತ್ತು ಕಡಿಮೆಯಿದ್ದೂ ಪೇಜು ನಿಧಾನವಾಗಿ ತುಂಬಿಕೊಳ್ಳುತ್ತಿದ್ದರೆ ತಪ್ಪು ಹೋಸ್ಟಿಂಗ್‌ದಲ್ಲ. ಮೊಬೈಲಿನಲ್ಲಿ ತೆಗೆದ ನಾಲ್ಕೈದು ಎಂಬಿಯ ಫೋಟೋಗಳನ್ನು ಹಾಗೇ ಏರಿಸಿರುತ್ತಾರೆ, ಅದೇ ಕಾರಣ ಇರಬಹುದು. ಫೋಟೋ ಸಣ್ಣ ಮಾಡಿ. ಕೋಡ್ ಕ್ಯಾಶ್ ಇಲ್ಲಿ ಏನೂ ಮಾಡುವುದಿಲ್ಲ.

ಕಾದ ಹೊತ್ತೇ ಜಾಸ್ತಿ ಇದ್ದರೆ ಮೂರು ಮೆಟ್ಟಿಲಿನ ಪರೀಕ್ಷೆ ಮಾಡಿ. ಫೈಲ್ ಮ್ಯಾನೇಜರಿನಿಂದ ಸೈಟಿನ ಫೋಲ್ಡರಿಗೆ ಒಂದು ಚಿಕ್ಕ ಟೆಕ್ಸ್ಟ್ ಫೈಲು ಹಾಕಿ, ಬ್ರೌಸರಿನಲ್ಲಿ ತೆರೆಯಿರಿ. ಆಮೇಲೆ "ನಮಸ್ಕಾರ" ಅಂತ ಮಾತ್ರ ತೋರಿಸುವ ಒಂದು ಸಾಲಿನ ಪಿಎಚ್‌ಪಿ ಫೈಲು ಹಾಕಿ, ಅದನ್ನೂ ತೆರೆಯಿರಿ. ಕೊನೆಗೆ ನಿಮ್ಮ ಹೋಮ್ ಪೇಜು.

ಟೆಕ್ಸ್ಟ್ ಫೈಲೇ ತಡವಾದರೆ ಸರ್ವರ್ ದೂರದಲ್ಲಿದೆ, ಇಲ್ಲವೇ ಅದರ ಮೇಲೆ ಹೊರೆ ವಿಪರೀತವಾಗಿದೆ. ಅಮೆರಿಕದಲ್ಲಿರುವ ಸರ್ವರಿಗೆ ಹುಬ್ಬಳ್ಳಿಯಿಂದ ಹೋಗಿ ಬರುವುದಕ್ಕೇ ಸೆಕೆಂಡಿನ ಕಾಲು ಭಾಗದಷ್ಟು ಬೇಕು. ಸುರಕ್ಷಿತ ಕನೆಕ್ಷನ್ ಆಗುವಾಗ ಹೀಗೆ ಹಲವು ಸಲ ಹೋಗಿ ಬರಬೇಕು. ಅಂಗಡಿ ಇಲ್ಲಿ, ಗಿರಾಕಿ ಇಲ್ಲಿ, ಸರ್ವರ್ ಮಾತ್ರ ಅಲ್ಲಿ ಯಾಕೆ? ಮುಂಬಯಿ, ಬೆಂಗಳೂರಿನಲ್ಲೇ ಸರ್ವರ್ ಕೊಡುವವರಿದ್ದಾರೆ. ಈಗಿನ ಕಂಪನಿಯವರನ್ನೇ ಕೇಳಿದರೆ ಕೆಲವರು ಪುಕ್ಕಟೆ ಬದಲಿಸಿ ಕೊಡುತ್ತಾರೆ.

ಟೆಕ್ಸ್ಟ್ ಫೈಲು ಪಟ್ ಅಂತ ಬಂದು ಒಂದು ಸಾಲಿನ ಪಿಎಚ್‌ಪಿಯೇ ತಡವಾದರೆ ಪಿಎಚ್‌ಪಿ ಶುರುವಾಗುವುದಕ್ಕೇ ಹೊತ್ತು ಹಿಡಿಯುತ್ತಿದೆ. ಅದನ್ನು ಓಡಿಸುವ ರೀತಿಯಲ್ಲಿ ದೋಷವಿದೆ. ಎರಡೂ ಬೇಗ ಬಂದು ಹೋಮ್ ಪೇಜು ಮಾತ್ರ ತಡವಾದರೆ ಕೋಡು ಜಾಸ್ತಿ ಇದೆ, ಕ್ಯಾಶ್ ಇಲ್ಲ, ಅಥವಾ ಡೇಟಾಬೇಸ್ ನಿಧಾನ. ಒಂದು ಸಾಲಿನ ಪಿಎಚ್‌ಪಿ ತಡವಾದರೂ, ಹೋಮ್ ಪೇಜು ಮಾತ್ರ ತಡವಾದರೂ ಮುಂದಿನ ಪರೀಕ್ಷೆ ಒಂದೇ.

## "ಕ್ಯಾಶ್ ಐತಿ ಅಂತಾರ, ಆದ್ರೂ ಸ್ಲೋ"

ಪಿಎಚ್‌ಪಿಇನ್ಫೋ ಎಂಬ ಫಂಕ್ಷನ್ ಒಂದನ್ನೇ ಕರೆಯುವ ಫೈಲು ಮಾಡಿ. ಹೆಸರು ಯಾರೂ ಊಹಿಸದ ಹಾಗೆ ಇಡಿ. ಕೆಲಸ ಮುಗಿದ ಕೂಡಲೇ ಅಳಿಸಿ. ಸರ್ವರಿನ ಒಳಗಿನ ವಿವರವನ್ನೆಲ್ಲ ಅದು ಬಿಚ್ಚಿಡುತ್ತದೆ, ಕಳ್ಳರಿಗೆ ಅದು ಬಹಳ ಉಪಯೋಗ. ಫೈಲು ಹಾಕಿದ ತಕ್ಷಣ ತೆರೆಯದೆ ಎರಡು ಮೂರು ಸೆಕೆಂಡು ಬಿಡಿ. ಆಗಷ್ಟೇ ಬದಲಾದ ಫೈಲನ್ನು ಓಪಿಕ್ಯಾಶ್ 2 ಸೆಕೆಂಡಿನವರೆಗೆ ಮುಟ್ಟುವುದಿಲ್ಲ.

ಉದ್ದದ ಪೇಜು ಬರುತ್ತದೆ. ಹೆದರಬೇಡಿ, ನೋಡಬೇಕಾದ್ದು ಮೂರೇ ಜಾಗ: ಮೇಲ್ಗಡೆ ಪಿಎಚ್‌ಪಿ ಆವೃತ್ತಿ, "ಸರ್ವರ್ ಎಪಿಐ" ಸಾಲು, ಕೆಳಗೆ "ಜೆಂಡ್ ಓಪಿಕ್ಯಾಶ್" ಎಂಬ ಕೋಷ್ಟಕ.

ಕೋಷ್ಟಕವೇ ಇಲ್ಲ ಅಂದ್ರೆ ಓಪಿಕ್ಯಾಶ್ ಲೋಡ್ ಆಗಿಲ್ಲ. ಸಿ-ಪ್ಯಾನೆಲ್ಲಿನಲ್ಲಿ ಪಿಎಚ್‌ಪಿ ಆವೃತ್ತಿ ಆರಿಸುವ ಜಾಗವಿದ್ದರೆ ಅಲ್ಲಿ ಎಕ್ಸ್‌ಟೆನ್ಶನ್‌ಗಳ ಪಟ್ಟಿ ತೆರೆದು ಓಪಿಕ್ಯಾಶ್‌ಗೆ ಟಿಕ್ ಹಾಕಿ. "ನೇಟಿವ್" ಎಂಬ ಆವೃತ್ತಿ ಆರಿಸಿದ್ದರೆ ಟಿಕ್ ಹಾಕಲು ಬಿಡುವುದಿಲ್ಲ. ಮೊದಲು ಅಂಕಿಯಿರುವ ಬೇರೆ ಆವೃತ್ತಿ ಆರಿಸಿಕೊಳ್ಳಬೇಕು.

ಕೋಷ್ಟಕ ಇದೆ, ಆದರೆ "ಡಿಸೇಬಲ್ಡ್" ಅಂತಿದೆ ಅಂದ್ರೆ ಯಾರೋ ಬೇಕಂತಲೇ ನಿಲ್ಲಿಸಿದ್ದಾರೆ. ಸೈಟು ಕಟ್ಟುವಾಗ ಡೆವಲಪರ್ ನಿಲ್ಲಿಸಿ ಮರೆತಿರುವುದುಂಟು. ನಿಮ್ಮ ಫೋಲ್ಡರಿನ ಪಿಎಚ್‌ಪಿ ಸೆಟ್ಟಿಂಗ್ ಫೈಲುಗಳಲ್ಲಿ ಅಂಥ ಸಾಲಿದೆಯಾ ಹುಡುಕಿ, ಇದ್ದರೆ ತೆಗೆಯಿರಿ. ಇಲ್ಲದಿದ್ದರೆ ಕಂಪನಿಗೆ ಟಿಕೆಟ್ (ಬರೆದು ಕೊಡುವ ದೂರು) ಹಾಕಿ. ಸೈಟಿನ ಕೋಡಿನ ಒಳಗಿಂದ ಓಪಿಕ್ಯಾಶ್ ನಿಲ್ಲಿಸಬಹುದು, ಶುರು ಮಾಡಲು ಬರುವುದಿಲ್ಲ. ಶುರು ಮಾಡಿಕೊಡುತ್ತೇವೆ ಎನ್ನುವ ಪ್ಲಗಿನ್‌ಗಳನ್ನು ನಂಬಬೇಡಿ.

ಮೂರನೆಯ ಸಂದರ್ಭವೇ ಮೋಸದ್ದು. ಕೋಷ್ಟಕದಲ್ಲಿ "ಅಪ್ ಆ್ಯಂಡ್ ರನ್ನಿಂಗ್" ಅಂತಿರುತ್ತದೆ. ಚಾಟ್‌ನಲ್ಲೂ "ಎನೇಬಲ್ ಆಗಿದೆ ಸರ್" ಅನ್ನುತ್ತಾರೆ. ಸುಳ್ಳೇನಲ್ಲ, ಆದರೂ ಪ್ರಯೋಜನ ಸೊನ್ನೆ. ಇದನ್ನು ಹಿಡಿಯುವುದು ಹೀಗೆ: ಪೇಜನ್ನು ಹಲವು ಸಲ ರಿಫ್ರೆಶ್ ಮಾಡುತ್ತಾ "ಕ್ಯಾಶ್ ಹಿಟ್ಸ್", "ಕ್ಯಾಶ್ ಮಿಸಸ್", "ಕ್ಯಾಶ್ಡ್ ಸ್ಕ್ರಿಪ್ಟ್ಸ್" ಸಾಲುಗಳ ಮೇಲೆ ಕಣ್ಣಿಡಿ. ಹಿಟ್ಸ್ ಅಂದ್ರೆ ಕ್ಯಾಶ್‌ನಲ್ಲಿ ಸಿಕ್ಕದ್ದು, ಮಿಸಸ್ ಅಂದ್ರೆ ಸಿಗದೇ ಹೋದದ್ದು.

ಹಿಟ್ಸ್ ಏರುತ್ತಾ ಹೋದರೆ ಕ್ಯಾಶ್ ಜೀವಂತವಾಗಿದೆ.

ಪ್ರತಿ ಸಲವೂ ಹಿಟ್ಸ್ 0, ಮಿಸಸ್ 1, ಸ್ಕ್ರಿಪ್ಟ್ಸ್ 1 ಅಂತಲೇ ಬಂದರೆ ಪಿಎಚ್‌ಪಿ ಹಳೇ ಸಿಜಿಐ ರೀತಿಯಲ್ಲಿ ಓಡುತ್ತಿದೆ. ಪ್ರತಿ ಕೋರಿಕೆಗೂ ಹೊಸ ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಂ) ಹುಟ್ಟುತ್ತದೆ, ಕ್ಯಾಶ್ ಕಟ್ಟುತ್ತದೆ, ಪೇಜು ಕೊಟ್ಟು ಸಾಯುತ್ತದೆ. ಕ್ಯಾಶ್ ಕೂಡ ಅದರ ಜೊತೆಗೇ ಹೋಯಿತು. ಸರ್ವರ್ ಎಪಿಐ ಸಾಲಿನಲ್ಲಿ "ಎಫ್‌ಪಿಎಂ" ಅಥವಾ "ಲೈಟ್‌ಸ್ಪೀಡ್" (ಪ್ರೋಸೆಸ್‌ಗಳನ್ನು ಸಾಯಿಸದೆ ಇಟ್ಟುಕೊಳ್ಳುವ ರೀತಿಗಳು) ಅಂತಿದ್ದರೆ ಈ ತೊಂದರೆ ಸಾಮಾನ್ಯವಾಗಿ ಇರುವುದಿಲ್ಲ. "ಸಿಜಿಐ/ಫಾಸ್ಟ್‌ಸಿಜಿಐ" ಅಂತಿದ್ದರೆ ಅಷ್ಟರಿಂದಲೇ ಏನೂ ಹೇಳಲಾಗದು. ಪ್ರೋಸೆಸ್ ಸಾಯುವ ಹಳೇ ಸಿಜಿಐಗೂ, ಪ್ರೋಸೆಸ್ ಉಳಿಯುವ ಫಾಸ್ಟ್‌ಸಿಜಿಐಗೂ ಅದೇ ಹೆಸರು ಬರುತ್ತದೆ, ಹಿಟ್ಸ್ ನೋಡಿಯೇ ತೀರ್ಮಾನಿಸಬೇಕು.

ಹಿಟ್ಸ್ ಅಂಕಿ 12 ಆಗಿ, ಮುಂದಿನ ಸಲ 3 ಆಗಿ, ಮತ್ತೆ 13 ಆದರೆ ಗಾಬರಿ ಬೇಡ. ಹಲವು ಪ್ರೋಸೆಸ್‌ಗಳು ತಮ್ಮ ತಮ್ಮ ಕ್ಯಾಶ್ ಇಟ್ಟುಕೊಂಡಿವೆ, ಅಷ್ಟೇ. ಮೆಮೊರಿ ದುಂದಾಗುತ್ತದೆ, ಆದರೂ ಕೆಲಸ ನಡೆಯುತ್ತದೆ.

ಎಸ್‌ಎಸ್‌ಎಚ್‌ನಲ್ಲಿ ಲಾಗಿನ್ ಆಗಿ ಕಮಾಂಡ್ ಕೊಟ್ಟು ನೋಡುವ ರೂಢಿ ಇರುವವರಿಗೆ ಒಂದು ಮಾತು. ಕಮಾಂಡ್ ಲೈನಿನ ಪಿಎಚ್‌ಪಿಯೇ ಬೇರೆ, ವೆಬ್‌ನ ಪಿಎಚ್‌ಪಿಯೇ ಬೇರೆ. ಅಲ್ಲಿ ಓಪಿಕ್ಯಾಶ್ ಹೆಸರು ಕಂಡರೂ ಇಲ್ಲಿ ಇರಬೇಕೆಂದಿಲ್ಲ. ಬ್ರೌಸರಿನಲ್ಲೇ ನೋಡಿ.

## "ಮುಂಜಾನೆ ಮೊದಲನೇ ಸಲ ಅಷ್ಟ ಸ್ಲೋ, ಆಮ್ಯಾಲೆ ಛಲೋ ಓಡತೈತಿ"

ಹೊತ್ತಿಗೆ ಒಬ್ಬರೋ ಇಬ್ಬರೋ ಬರುವ ಸೈಟುಗಳಿಗೆ ಇದು ಸಾಮಾನ್ಯ. ಅಗ್ಗದ ಹೋಸ್ಟಿಂಗ್‌ನಲ್ಲಿ ಸ್ವಲ್ಪ ಹೊತ್ತು ಯಾರೂ ಬರದಿದ್ದರೆ ನಿಮ್ಮ ಪಿಎಚ್‌ಪಿ ಪ್ರೋಸೆಸ್‌ಗಳನ್ನು ನಿಲ್ಲಿಸುತ್ತಾರೆ. ಕೆಲವು ವ್ಯವಸ್ಥೆಯಲ್ಲಿ ಕ್ಯಾಶ್ ಕೂಡ ಅವುಗಳ ಜೊತೆ ಹೋಗುತ್ತದೆ. ಮುಂದೆ ಬಂದವನ ತಲೆ ಮೇಲೆ ಎಲ್ಲ ಕೆಲಸ ಬೀಳುತ್ತದೆ. ಓಪಿಕ್ಯಾಶ್‌ಗೆ ಡಿಸ್ಕಿನ ಮೇಲೂ ಕ್ಯಾಶ್ ಇಡುವ ಸೌಲಭ್ಯವಿದೆ, ಪಿಎಚ್‌ಪಿ 7ರಿಂದ ಬಂದಿದ್ದು. ಕೋಷ್ಟಕದಲ್ಲಿ "ಫೈಲ್ ಕ್ಯಾಶ್" ಎಂಬ ಸಾಲು ನೋಡಿ, ನಿಂತಿದ್ದರೆ ಹಾಕಿಕೊಡಿ ಎಂದು ಕೇಳಿ. ಆಗದು ಅಂದರೆ ಪೇಜ್ ಕ್ಯಾಶ್ ಪ್ಲಗಿನ್ (ಕೋಡಲ್ಲ, ಸಿದ್ಧವಾದ ಪೇಜನ್ನೇ ಎತ್ತಿಟ್ಟು ಕೊಡುವಂಥದ್ದು) ಹಾಕಿದರೂ ಸಾಕು. ಇಷ್ಟಕ್ಕಾಗಿ ಹೋಸ್ಟಿಂಗ್ ಬದಲಿಸುವುದು ದಂಡ.

## "ಮೊದಲ ಛಲೋ ಇತ್ರಿ, ಬರಬರ್ತಾ ನಿಧಾನ ಆಗೈತಿ"

ಅದೇ ಕೋಷ್ಟಕದಲ್ಲಿ "ಫ್ರೀ ಮೆಮೊರಿ" ಸೊನ್ನೆಯ ಹತ್ತಿರ ಬಂದಿದೆಯಾ? "ಕ್ಯಾಶ್ಡ್ ಕೀಸ್" ಮತ್ತು "ಮ್ಯಾಕ್ಸ್ ಕೀಸ್" ಅಂಕಿಗಳು ಒಂದೇ ಆಗಿವೆಯಾ? "ಓಓಎಂ ರೀಸ್ಟಾರ್ಟ್ಸ್" ಏರುತ್ತಿದೆಯಾ? ಹೌದಾದರೆ ಕ್ಯಾಶ್ ತುಂಬಿದೆ.

ಓಪಿಕ್ಯಾಶ್‌ಗೆ ಡೀಫಾಲ್ಟ್ ಮೆಮೊರಿ 128 ಎಂಬಿ. ಒಂದು ಸೈಟಿಗೆ ಇದು ಧಾರಾಳ. ಆದರೆ ಒಂದೇ ಅಕೌಂಟಿನಲ್ಲಿ ಅಂಗಡಿಯದು, ಅಣ್ಣನದು, ಮಠದ್ದು ಅಂತ ಐದಾರು ವರ್ಡ್‌ಪ್ರೆಸ್ ಇಟ್ಟಿರುತ್ತೇವಲ್ಲ, ಆಗ ಅದೇ ಕೋಡಿನ ಒಂದೊಂದು ನಕಲಿಗೂ ಬೇರೆ ಜಾಗ ಬೇಕು. ಕ್ಯಾಶ್‌ಗೆ ಫೈಲಿನ ದಾರಿ ಮುಖ್ಯ, ಒಳಗಿರುವುದು ಒಂದೇ ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಇನ್ನು ಕೆಲವು ಕಂಪನಿಗಳಲ್ಲಿ ಒಂದೇ ಎಫ್‌ಪಿಎಂ ಮಾಸ್ಟರ್ (ಮುಖ್ಯ ಪ್ರೋಸೆಸ್) ಅಡಿಯಲ್ಲಿ ಬಹಳ ಗಿರಾಕಿಗಳಿರುತ್ತಾರೆ. ಅಂಥ ಕಡೆ ಕ್ಯಾಶ್ ಮೆಮೊರಿ ಎಲ್ಲರಿಗೂ ಸೇರಿ ಒಂದೇ. ನೀವು ಏನೂ ಮಾಡದಿದ್ದರೂ ಪಕ್ಕದವನ ದೊಡ್ಡ ಸೈಟು ಅದನ್ನು ತುಂಬಿಬಿಡಬಹುದು.

ತುಂಬಿದ ಕೂಡಲೇ ಹಳೆಯದನ್ನು ತೆಗೆದು ಹೊಸದಕ್ಕೆ ಜಾಗ ಮಾಡುವ ಜಾಣತನ ಓಪಿಕ್ಯಾಶ್‌ಗೆ ಇಲ್ಲ. ಹಳೇ ಕೋಡು ಕೂತು ದಂಡವಾದ ಜಾಗ ಒಂದು ಮಿತಿ ದಾಟಿದ್ದರೆ ಇಡೀ ಕ್ಯಾಶ್ ಖಾಲಿ ಮಾಡಿ ಮೊದಲಿಂದ ಶುರು ಮಾಡುತ್ತದೆ. ದಾಟಿಲ್ಲ ಅಂದ್ರೆ ಹೊಸ ಫೈಲುಗಳನ್ನು ಸುಮ್ನೆ ಹೊರಗೆ ನಿಲ್ಲಿಸುತ್ತದೆ. ನಿಮ್ಮ ಫೈಲು ಹೊರಗೆ ನಿಂತಿದ್ದರೆ ಮಿಸಸ್ ಏರುತ್ತಲೇ ಇರುತ್ತದೆ.

ಮೊದಲು ಬಳಸದ ಪ್ಲಗಿನ್, ಬಳಸದ ಸೈಟು ತೆಗೆಯಿರಿ. ಆಮೇಲೆ ಮೆಮೊರಿ ಹೆಚ್ಚಿಸಲು ಟಿಕೆಟ್ ಹಾಕಿ. ಈ ಸೆಟ್ಟಿಂಗ್ ಸರ್ವರ್ ಮಟ್ಟದ್ದು, ನಿಮ್ಮ ಫೋಲ್ಡರಿನ ಫೈಲಿನಲ್ಲಿ ಬರೆದರೆ ನಡೆಯುವುದಿಲ್ಲ. ಅವರು ಒಪ್ಪದಿದ್ದರೆ ಆಗ ಬೇರೆ ಹೋಸ್ಟಿಂಗ್ ನೋಡುವುದು ನ್ಯಾಯ.

## "ರೇಟ್ ಬದಲ ಮಾಡೇನಿ, ಹಳೇದ ತೋರಸಾಕತ್ತೈತಿ"

ಇದು ಬ್ಯಾಡಗಿ ದಲಾಲರಿಂದ ಬರುವ ದೂರು. (ಡಬ್ಬಿ ಅಂದ್ರೆ ಬ್ಯಾಡಗಿ ಮೆಣಸಿನಕಾಯಿಯ ಒಂದು ಬಗೆ.) "ತಮ್ಮಾ, ಡಬ್ಬಿ ರೇಟ್ ಮುಂಜಾನೇನ ಹಾಕೇನಿ, ಮಂದಿಗೆ ನಿನ್ನೀದ ಕಾಣತೈತಂತ."

"ಸಾಹುಕಾರ್ರ, ಅಡ್ಮಿನ್‌ದಾಗ ಹಾಕಿದ್ರೋ, ಫೈಲ್‌ದಾಗ ಹಾಕಿದ್ರೋ?"

ಉತ್ತರ ಈ ಪ್ರಶ್ನೆಯಲ್ಲೇ ಇದೆ. ವರ್ಡ್‌ಪ್ರೆಸ್ ಅಡ್ಮಿನ್‌ನಲ್ಲಿ ಹಾಕಿದ ರೇಟು ಡೇಟಾಬೇಸಿಗೆ ಹೋಗುತ್ತದೆ. ಕೋಡ್ ಕ್ಯಾಶ್‌ನಲ್ಲಿ ಇರುವುದು ಬರೀ ಕೋಡು, ರೇಟು ಅಲ್ಲಿ ಇರುವುದೇ ಇಲ್ಲ. ಹಾಗಾಗಿ ಅಡ್ಮಿನ್‌ನಲ್ಲಿ ಬದಲಿಸಿದ್ದು ಹಳೆಯದಾಗಿ ಕಂಡರೆ ತಪ್ಪು ಬ್ರೌಸರಿನದು, ಪೇಜ್ ಕ್ಯಾಶ್‌ದು, ಇಲ್ಲವೇ ಸಿಡಿಎನ್‌ದು (ಸೈಟಿನ ನಕಲನ್ನು ಬೇರೆ ಬೇರೆ ಊರಿನ ಸರ್ವರುಗಳಲ್ಲಿ ಇಟ್ಟು ಕೊಡುವ ಸೇವೆ). ಮೊದಲು ಇನ್‌ಕಾಗ್ನಿಟೊ ಕಿಟಕಿಯಲ್ಲಿ ತೆರೆದು ನೋಡಿ. ಅಲ್ಲೂ ಹಳೆಯದೇ ಇದ್ದರೆ ಕ್ಯಾಶ್ ಪ್ಲಗಿನ್‌ನಲ್ಲಿ ಎಲ್ಲ ಖಾಲಿ ಮಾಡುವ ಬಟನ್ ಒತ್ತಿ. ಕ್ಲೌಡ್‌ಫ್ಲೇರ್ ಎಂಬ ಸಿಡಿಎನ್ ಹಾಕಿಕೊಂಡಿದ್ದರೆ ಅಲ್ಲೂ ಖಾಲಿ ಮಾಡಿ.

ಪಿಎಚ್‌ಪಿ ಫೈಲನ್ನೇ ತಿದ್ದಿ ಏರಿಸಿದ್ದು ಕಾಣದಿದ್ದರೆ ಆಗ ಓಪಿಕ್ಯಾಶ್ ಮೇಲೆ ಅನುಮಾನ ಪಡಬೇಕು. ಫೈಲು ಬದಲಾಗಿದೆಯಾ ಎಂದು ಅದು ಡೀಫಾಲ್ಟಾಗಿ 2 ಸೆಕೆಂಡಿಗೊಮ್ಮೆ ನೋಡುತ್ತದೆ. ವೇಗಕ್ಕೋಸ್ಕರ ಕೆಲವು ಕಂಪನಿಗಳು ಇದನ್ನು ಜಾಸ್ತಿ ಮಾಡಿರುತ್ತವೆ, ಕೆಲವು ನೋಡುವುದನ್ನೇ ನಿಲ್ಲಿಸಿರುತ್ತವೆ. ಒಂದೆರಡು ನಿಮಿಷ ಕಾಯಿರಿ. ಬದಲಾಗದಿದ್ದರೆ ಪ್ಯಾನೆಲ್ಲಿನಲ್ಲಿ ಓಪಿಕ್ಯಾಶ್ ಖಾಲಿ ಮಾಡುವ ಬಟನ್ ಇದೆಯಾ ಹುಡುಕಿ, ಇಲ್ಲದಿದ್ದರೆ ಪಿಎಚ್‌ಪಿ ರೀಸ್ಟಾರ್ಟ್ ಮಾಡಿಕೊಡಲು ಹೇಳಿ. ಕ್ಯಾಶ್ ಖಾಲಿ ಮಾಡುವ ಫೈಲನ್ನು ಸೈಟಿನಲ್ಲಿ ಎಲ್ಲರ ಕೈಗೆ ಸಿಗುವ ಹಾಗೆ ಬಿಡಬೇಡಿ, ಯಾರಾದರೂ ಅದನ್ನೇ ಒತ್ತುತ್ತಾ ಕೂತರೆ ಸೈಟು ಏಳುವುದಿಲ್ಲ.

ಪ್ಲಗಿನ್ ಅಪ್‌ಡೇಟ್ ಆದ ಮೇಲೆ ಬಿಳಿ ಪೇಜು ಬಂದರೂ ಇದೇ ಕಾರಣವಿರಬಹುದು. ಅರ್ಧ ಹೊಸ ಕೋಡು, ಅರ್ಧ ಹಳೇ ಕೋಡು ಸೇರಿ ಜಗಳವಾಗಿರುತ್ತದೆ. ಕ್ಯಾಶ್ ಖಾಲಿ ಮಾಡಿದರೂ ಹೋಗದಿದ್ದರೆ ಎರರ್ ಲಾಗ್ ನೋಡಿ. ಓದಿದ್ದು ತಿಳಿಯದಿದ್ದರೆ ಅಲ್ಲಿಗೇ ನಿಲ್ಲಿಸಿ, ಸೈಟು ಮಾಡಿಕೊಟ್ಟವರನ್ನು ಕರೆಯಿರಿ. ಒಂದೊಂದೇ ಫೈಲು ಅಳಿಸುತ್ತಾ ಹೋದರೆ ಅವರಿಗೂ ಸರಿಮಾಡಲು ಆಗುವುದಿಲ್ಲ.

## "ಗದ್ದಲ ಆದ್ರ ಸೈಟ್ ಕುಂತ ಬಿಡತೈತಿ"

ಪರೀಕ್ಷೆ ಮುಗಿದ ಸಂಜೆ ಕೋಚಿಂಗ್ ಕ್ಲಾಸಿನವರು ಕೀ ಉತ್ತರ ಹಾಕುತ್ತಾರೆ. ಹುಡುಗರೆಲ್ಲ ಒಟ್ಟಿಗೇ ಬರುತ್ತಾರೆ. 508 ಎಂಬ ಎರರ್ ಬರುತ್ತದೆ. ಕ್ಲೌಡ್‌ಲಿನಕ್ಸ್ (ಒಬ್ಬೊಬ್ಬ ಗಿರಾಕಿಗೂ ಮಿತಿ ಹಾಕುವ ಸರ್ವರ್ ಸಾಫ್ಟ್‌ವೇರ್) ಇರುವ ಸರ್ವರಿನಲ್ಲಿ ಇದರ ಅರ್ಥ, ನಿಮ್ಮ ಪ್ಲ್ಯಾನಿನ ಮಿತಿ ಮುಟ್ಟಿದೆ ಅಂತ. ಸಿ-ಪ್ಯಾನೆಲ್ಲಿನ ರಿಸೋರ್ಸ್ ಯೂಸೇಜ್ ಜಾಗದಲ್ಲಿ ಯಾವ ಮಿತಿ ಎಂದು ತೋರಿಸುತ್ತದೆ.

"ಎಂಟ್ರಿ ಪ್ರೋಸೆಸ್" (ಒಂದೇ ಹೊತ್ತಿಗೆ ನಡೆಯಬಹುದಾದ ಕೋರಿಕೆಗಳು) ಮಿತಿ ಅಂತಿದ್ದರೆ ಲೆಕ್ಕ ಸುಲಭ. ಮಿತಿ 20 ಇದ್ದು ಒಂದು ಪೇಜಿಗೆ 1 ಸೆಕೆಂಡು ಬೇಕಾದರೆ ಸೆಕೆಂಡಿಗೆ 20 ಪೇಜು ಕೊಡಬಹುದು. ಪೇಜು ಕಾಲು ಸೆಕೆಂಡಿನಲ್ಲಿ ಮುಗಿದರೆ ಅದೇ ಪ್ಲ್ಯಾನಿನಲ್ಲಿ 80. ಕೋಡ್ ಕ್ಯಾಶ್ ಇಲ್ಲಿ ಸಹಾಯ ಮಾಡುತ್ತದೆ, ಆದರೆ ಅದೊಂದೇ ಸಾಲದು. ಇಂಥ ದಿನಕ್ಕೆ ಪೇಜ್ ಕ್ಯಾಶ್ ಬೇಕೇ ಬೇಕು. ನನ್ನನ್ನು ಕೇಳಿದರೆ ಕೀ ಉತ್ತರವನ್ನು ಪಿಡಿಎಫ್ ಮಾಡಿ ಹಾಕಿ. ಪಿಎಚ್‌ಪಿಯ ಹಂಗೇ ಬೇಡ.

## "ಮಂದಿಗೆ ಛಲೋ ಐತಿ, ಅಡ್ಮಿನ್ ಅಷ್ಟ ಸ್ಲೋ"

ಲಾಗಿನ್ ಆದವರಿಗೆ ಪೇಜ್ ಕ್ಯಾಶ್ ಸಿಗುವುದಿಲ್ಲ, ಹಾಗಾಗಿ ಅಡ್ಮಿನ್ ನಿಧಾನವಿದ್ದರೆ ಕೋಡ್ ಕ್ಯಾಶ್ ಸತ್ತಿರುವ ಸಾಧ್ಯತೆ ಇದೆ. ಮೇಲಿನ ಹಿಟ್ಸ್ ಪರೀಕ್ಷೆ ಮಾಡಿ. ಅದು ಸರಿಯಿದ್ದರೆ ಡೇಟಾಬೇಸ್ ಕಡೆ ಹೊರಳಿ. ಕ್ವೆರಿ ಮಾನಿಟರ್ ಎಂಬ ಪುಕ್ಕಟೆ ಪ್ಲಗಿನ್ ಹಾಕಿದರೆ ಯಾವುದು ಹೊತ್ತು ತಿನ್ನುತ್ತಿದೆ ಎಂದು ತೋರಿಸುತ್ತದೆ. ನೋಡಿದ ಮೇಲೆ ತೆಗೆದುಬಿಡಿ.

## ಬೇರೆ ಹೋಸ್ಟಿಂಗ್ ನೋಡುವುದೇ ಆದರೆ

ಹಿಟ್ಸ್ ಏರುತ್ತಲೇ ಇಲ್ಲ, ಟಿಕೆಟ್ ಹಾಕಿದರೆ "ಈ ಪ್ಲ್ಯಾನಿನಲ್ಲಿ ಹೀಗೇ" ಅಂತಾರೆ. ಅಲ್ಲಿ ಹೊತ್ತು ಕಳೆಯಬೇಡಿ, ಬದಲಿಸಿ. ದೊಡ್ಡ ಪ್ಲ್ಯಾನ್ ಬೇಕಿಲ್ಲ, ಸರಿಯಾಗಿ ಓಡಿಸುವ ಸಣ್ಣ ಪ್ಲ್ಯಾನ್ ಸಾಕು.

ಚಾಟ್‌ನಲ್ಲಿ ಕೊಳ್ಳುವ ಮೊದಲೇ ಕೇಳಿ: ಪಿಎಚ್‌ಪಿಯನ್ನು ಎಫ್‌ಪಿಎಂನಲ್ಲಿ ಓಡಿಸುತ್ತೀರಾ, ಲೈಟ್‌ಸ್ಪೀಡ್‌ನಲ್ಲಾ? ಓಪಿಕ್ಯಾಶ್ ಮೆಮೊರಿ ಎಷ್ಟು, ಅದು ನನ್ನೊಬ್ಬನದೋ ಎಲ್ಲರದ್ದೋ? ಎಂಟ್ರಿ ಪ್ರೋಸೆಸ್ ಎಷ್ಟು? ಸರ್ವರ್ ಯಾವ ಊರಲ್ಲಿದೆ? "ನಮ್ಮಲ್ಲಿ ಲೈಟ್‌ಸ್ಪೀಡ್ ಕ್ಯಾಶ್ ಇದೆ" ಅಂದರೆ ಅದು ಪೇಜ್ ಕ್ಯಾಶ್, ನೀವು ಕೇಳಿದ್ದಕ್ಕೆ ಉತ್ತರವಲ್ಲ. "ಎಪಿಸಿ-ಯು ಇದೆ" ಅಂದರೂ ಅಷ್ಟೇ, ಅದು ಮೇಲೆ ಹೇಳಿದ ಹಳೇ ಎಪಿಸಿ ಅಲ್ಲ, ಡೇಟಾ ಇಡುವುದು, ಕೋಡು ಇಡುವುದಿಲ್ಲ. "ಅನ್‌ಲಿಮಿಟೆಡ್" ಎಂಬ ಮಾತಿಗೆ ಕಿವಿಗೊಡಬೇಡಿ. ಎಂಟ್ರಿ ಪ್ರೋಸೆಸ್‌ಗೆ ಮಿತಿ ಇದ್ದೇ ಇರುತ್ತದೆ.

ಜಾಹೀರಾತಿನ ಬೆಲೆ ಮೊದಲ ಅವಧಿಗೆ ಮಾತ್ರ. ರಿನ್ಯೂವಲ್ ಎಷ್ಟು ಎಂದು ನೋಡಿ, ಮೇಲೆ 18% ಜಿಎಸ್‌ಟಿ ಸೇರಿಸಿ. ಮೂರು ವರ್ಷದ್ದು ಒಮ್ಮೆಲೇ ಕಟ್ಟಿದರೆ ಅಗ್ಗ ಅನಿಸುತ್ತದೆ, ಸೈಟು ಓಡದಿದ್ದರೆ ಮೂರು ವರ್ಷವೂ ಅಲ್ಲೇ ಸಿಕ್ಕಿಕೊಂಡಿರಬೇಕು. ದುಡ್ಡು ವಾಪಸ್ ಕೊಡುವ ಅವಧಿಯೊಳಗೇ ಹಿಟ್ಸ್ ಪರೀಕ್ಷೆ ಮಾಡಿ ಮುಗಿಸಿ. ಪಿಎಚ್‌ಪಿ 7.4ಕ್ಕೆ 2022ರ ನವೆಂಬರಿಗೇ ಸೆಕ್ಯುರಿಟಿ ಅಪ್‌ಡೇಟ್ ನಿಂತಿದೆ. ಅದಕ್ಕಿಂತ ಹೊಸದು ಕೊಡದವರ ಕಡೆ ಹೋಗಲೇಬೇಡಿ.

ವಿಪಿಎಸ್ (ನಿಮ್ಮೊಬ್ಬರಿಗೇ ಬೇರ್ಪಡಿಸಿ ಕೊಡುವ ಸರ್ವರಿನ ಭಾಗ) ತಗೊಂಡರೆ ಓಪಿಕ್ಯಾಶ್ ಪೂರಾ ನಿಮ್ಮ ಕೈಯಲ್ಲಿರುತ್ತದೆ, ನಿಜ. ಆದರೆ ಅಪ್‌ಡೇಟು, ಫೈರ್‌ವಾಲು, ಬ್ಯಾಕಪ್ಪು ಎಲ್ಲ ನಿಮ್ಮ ತಲೆಗೇ. ಲಿನಕ್ಸ್ ಗೊತ್ತಿರುವವರು ಕೈಗೆ ಸಿಗುವಂತಿದ್ದರೆ ಮಾತ್ರ ಆ ದಾರಿ.

ಹೊಸ ಕಡೆಗೆ ಸೈಟು ಸಾಗಿಸಿದ ದಿನವೇ ಹಳೆಯದನ್ನು ರದ್ದು ಮಾಡಬೇಡಿ. ಡಿಎನ್‌ಎಸ್ (ಸೈಟಿನ ಹೆಸರಿಗೆ ಸರ್ವರಿನ ವಿಳಾಸ ಹೇಳುವ ವ್ಯವಸ್ಥೆ) ಬದಲಾವಣೆ ಎಲ್ಲರಿಗೂ ಮುಟ್ಟಲು ಒಂದೆರಡು ದಿನ ಹಿಡಿಯಬಹುದು. ಇಮೇಲ್ ಕೂಡ ಹಳೇ ಹೋಸ್ಟಿಂಗ್‌ನಲ್ಲೇ ಇದ್ದರೆ ಅಕೌಂಟ್ ಮುಚ್ಚಿದಾಗ ಹಳೇ ಪತ್ರಗಳೂ ಹೋಗುತ್ತವೆ, ಮೊದಲು ಅವನ್ನು ಇಳಿಸಿಕೊಂಡು ಇಮೇಲ್ ಎಲ್ಲಿಗೆ ಹೋಗಬೇಕೆಂದು ಹೇಳುವ ಎಂಎಕ್ಸ್ ದಾಖಲೆಯನ್ನು ಹೊಸ ಕಡೆಗೆ ತಿರುಗಿಸಿ.